ಅಮ್ಮ ಬರೋಕಾಗಲ್ಲ. ನೆದರ್ಲೆಂಡ್ಸಿನಲ್ಲಿ ಬಾಣಂತನ ಹೇಗೆ? ಬಿಟ್ಟರೆ ನಡೆಯುತ್ತಾ?

ಮಾರ್ಚಿಗೆ ಹೆರಿಗೆ, ಅಮ್ಮನಿಗೆ ಮಂಡಿ ಆಪರೇಷನ್ ಆಗಿರೋದರಿಂದ ಐಂಡ್‌ಹೋವನ್‌ಗೆ ಬರೋಕಾಗಲ್ಲ ಅಂತ ಬರೆದಿದೀರಿ. ಇಲ್ಲಿನ ಹೆಂಗಸರು ಬಾಣಂತನವಿಲ್ಲದೇ ಚೆನ್ನಾಗಿದ್ದಾರಲ್ಲ, ಇದೆಲ್ಲ ನಮ್ಮವರ ನಂಬಿಕೆಯಷ್ಟೇನಾ ಅನ್ನೋದು ನಿಮ್ಮ ಪ್ರಶ್ನೆ. ನನ್ನ ಮೊದಲ ಬಾಣಂತನ ಧಾರವಾಡದ ತವರಲ್ಲಿ ಆಯ್ತು, ಎರಡನೆಯದು ಇದೇ ದೇಶದಲ್ಲಿ. ಎರಡನ್ನೂ ಉಂಡವಳಾಗಿ ಹೇಳ್ತೀನಿ.

ಇಲ್ಲಿಯವರಿಗೂ ಬಾಣಂತನ ಇದೆ. ಅದರ ಹೆಸರು ಕ್ರಾಮ್‌ಜೋರ್ಖ್. ಹೆರಿಗೆಯಾದ ಮೇಲೆ ತರಬೇತಿ ಪಡೆದ ಒಬ್ಬಾಕೆ ದಿನಾ ಮನೆಗೇ ಬರ್ತಾಳೆ. ಎಂಟು ದಿನದಲ್ಲಿ ಸುಮಾರು 49 ಗಂಟೆ, ಕಡಿಮೆಯೆಂದರೂ 24. ಕಡ್ಡಾಯ ಆರೋಗ್ಯ ವಿಮೆಯಲ್ಲೇ ಸೇರಿದೆ, ಗಂಟೆಗಿಷ್ಟು ಅಂತ ಸ್ವಲ್ಪ ನಾವೂ ಕೊಡಬೇಕು. ನನ್ನ ಮನೆಗೆ ಬಂದಾಕೆ ಜ್ವರ ನೋಡಿ, ಹೊಟ್ಟೆ ಒತ್ತಿ ಗರ್ಭಕೋಶ ಎಷ್ಟು ಇಳಿದಿದೆ ಅಂತ ನೋಡಿ, ಹೊಲಿಗೆ ನೋಡಿ, ಆಮೇಲೆ ದೊಡ್ಡ ಮಗನಿಗೆ ತಿಂಡಿ ಮಾಡಿಕೊಟ್ಟಳು. ಮಗುವಿನ ಹಾಸಿಗೆ ಬೆಚ್ಚಗಿರಲಿ ಅಂತ ಬಿಸಿನೀರು ತುಂಬಿದ ಲೋಹದ ಬಾಟಲಿಗೆ ಬಟ್ಟೆ ಸುತ್ತಿ ಸ್ವಲ್ಪ ದೂರದಲ್ಲಿಟ್ಟಳು. ನನಗೆ ಹೊರಸಿನ ಕೆಳಗೆ ಅವ್ವ ಇಡ್ತಿದ್ದ ಕೆಂಡ ನೆನಪಾಗಿ ಗಂಟಲು ಕಟ್ಟಿತು. ನೋಡೋಕೆ ಬಂದವರಿಗೆ ಇಲ್ಲಿ ಕೊಡೋದೂ ಸಕ್ಕರೆ ಸುತ್ತಿದ ಸೋಂಪಿನಂಥ ಕಾಳು ಉದುರಿಸಿದ ರಸ್ಕು. ಆ ಕಾಳಿಂದ ಹಾಲು ಹೆಚ್ಚುತ್ತೆ ಅನ್ನೋದು ಅವರ ಹಿರಿಯರ ನಂಬಿಕೆ, ನಮ್ಮಲ್ಲಿ ಸಬ್ಬಸಗಿ ಸೊಪ್ಪಿಗೆ ಹೇಳ್ತಾರಲ್ಲ ಹಾಗೇ.

ಇಂಥ ಬಾಣಂತನ ನಮ್ಮದು, ಡಚ್ಚರದು ಮಾತ್ರ ಅಲ್ಲ. ಚೀನಾದಲ್ಲಿ ‘ತಿಂಗಳು ಕೂರೋದು’ ಅಂತಲೇ ಹೆಸರು, ಮೂವತ್ತು ದಿನ. ಕೊರಿಯಾದಲ್ಲಿ ಇಪ್ಪತ್ತೊಂದು ದಿನ ಬಾಗಿಲಿಗೆ ಹಗ್ಗ ಕಟ್ಟಿ ಹೊರಗಿನವರನ್ನು ತಡೀತಿದ್ದರು. ಬಾಣಂತಿಗೆ ಕಡಲಪಾಚಿಯ ಸಾರು. ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಅದೇ ಸಾರು ಕುಡಿದು ಹೆತ್ತವಳ ನೋವನ್ನ ನೆನೀತಾರೆ. ಈ ಪದ್ಧತಿ ನನಗೆ ತುಂಬಾ ಇಷ್ಟ. ಮಲೇಷ್ಯಾದಲ್ಲಿ ನಲವತ್ನಾಲ್ಕು ದಿನ, ಉದ್ದನೆ ಬಟ್ಟೆಯಿಂದ ಹೊಟ್ಟೆ ಕಟ್ತಾರೆ, ನಮ್ಮ ಹಳೇ ಸೀರೆಯ ಹಾಗೆ. ಮೆಕ್ಸಿಕೋದಲ್ಲಿ ನಲವತ್ತು. ಜಪಾನಿನ ಹೆಣ್ಮಕ್ಕಳು ಹೆರಿಗೆಗೆ ತವರಿಗೇ ಹೋಗ್ತಾರೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರೋಕೂ ಸುಮಾರು ಆರು ವಾರ ಬೇಕು, ಅಂದರೆ ನಲವತ್ತೆರಡು ದಿನ. ಹಳಬರ ಲೆಕ್ಕ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ನಿಯಮಗಳು ಒಂದಕ್ಕೊಂದು ಹೊಂದಲ್ಲ. ನನಗೆ ದಿನಾ ಹರಳೆಣ್ಣೆ ಹಚ್ಚಿ ಹಂಡೆಗಟ್ಟಲೆ ಸುಡುನೀರು ಹೊಯ್ದು, ಲೋಬಾನದ ಹೊಗೆ ಹಾಕಿ ತಲೆ ಒಣಗಿಸ್ತಿದ್ದರು. ಚೀನಾದ ಹಳೇ ಪದ್ಧತಿಯಲ್ಲಿ ತಿಂಗಳು ಪೂರ್ತಿ ತಲೆಗೆ ನೀರೇ ಹಾಕಬಾರದು. ಇಬ್ಬರ ಭಯವೂ ಒಂದೇ, ಶೀತ. ಹಾಗಾಗಿ ಒಂದೊಂದು ನಿಯಮವನ್ನೂ ದೇವರ ಮಾತಿನಂತೆ ಹಿಡಿಯಬೇಡಿ. ಎಲ್ಲ ಕಡೆಗೂ ಸಮಾನವಾಗಿರೋದು ಒಂದೇ: ಹೆತ್ತವಳ ಕೆಲಸ ಬೇರೆ ಕೈ ಮಾಡುತ್ತೆ, ಅವಳಿಗೆ ಬಿಸಿ ಊಟ ಹಾಸಿಗೆ ಹತ್ತಿರ ಬರುತ್ತೆ. ನಿಮಗೆ ಬೇಕಾಗಿರೋದು ಅದು.

ನಮ್ಮದರಲ್ಲಿ ಬಿಡಬೇಕಾದ್ದೂ ಇದೆ. ನನಗೆ ನೀರು ಕುಡಿಯೋಕೆ ಬಿಡ್ತಿರಲಿಲ್ಲ, ದಿನಕ್ಕೆ ಎರಡು ಲೋಟ. ಮಲ ಕಟ್ಟಿ ಹೊಲಿಗೆ ಜಾಗದ ನೋವಿಗೆ ಅತ್ತಿದೀನಿ. ಹಾಲುಣಿಸೋಳಿಗೆ ಬಾಯಾರಿದಾಗೆಲ್ಲ ನೀರು ಬೇಕು. ಮುಚ್ಚಿದ ಕೋಣೆಯ ಹೊಗೆ ಬೇಡ. ಮೊದಲ ಹಳದಿ ಹಾಲು ಚೆಲ್ಲಬೇಡಿ. ಮಗುವಿನ ಕಿವಿ ಮೂಗಿಗೆ ಎಣ್ಣೆ ಬೇಡ. ಹಗಲೆಲ್ಲ ಮಲಗಿರಬೇಡಿ, ಮನೆಯೊಳಗೇ ಅಡ್ಡಾಡಿ. ಈ ಆರು ವಾರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿ. ಸಿಸೇರಿಯನ್ ಆದರೆ ಡಾಕ್ಟರನ್ನ ಕೇಳದೇ ಹೊಟ್ಟೆ ಕಟ್ಟಬೇಡಿ.

ಈಗ ನಿಜವಾದ ಕಷ್ಟ: ಒಂಬತ್ತನೇ ದಿನ. ಕ್ರಾಮ್‌ಜೋರ್ಖ್‌ನಾಕೆ ಹೋದ ಮರುದಿನ ಬೆಳಿಗ್ಗೆ ಮನೆ ಎಷ್ಟು ಖಾಲಿ ಅನ್ನಿಸಿತು ಅಂದರೆ, ಮಗುವನ್ನ ತೊಡೆ ಮೇಲಿಟ್ಟುಕೊಂಡು ಅವ್ವನಿಗೆ ಫೋನ್ ಮಾಡಿ ಏನೂ ಮಾತಾಡದೇ ಕೂತಿದ್ದೆ. ತವರಲ್ಲಿ ಮೂರು ತಿಂಗಳು ಸಿಗ್ತಿದ್ದ ಕೈ ಇಲ್ಲಿ ಎಂಟೇ ದಿನಕ್ಕೆ ಮುಗಿಯುತ್ತೆ. ಆದ್ದರಿಂದ ಒಂಬತ್ತರಿಂದ ನಲವತ್ತರವರೆಗೆ ಯಾವ ದಿನ ಯಾರು ಅಡುಗೆ ತರ್ತಾರೆ ಅಂತ ಈಗಲೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಗಂಡನ ರಜೆ ಮೊದಲ ವಾರದಲ್ಲೇ ಮುಗಿಸಬೇಡಿ. ಅಲ್ಲಿರೋ ಕನ್ನಡದವರನ್ನ ಸಂಕೋಚ ಬಿಟ್ಟು ಕೇಳಿ. ನಾನು ಕೇಳಿದಾಗ ಯಾರೂ ಇಲ್ಲ ಅನ್ನಲಿಲ್ಲ.

ಕ್ರಾಮ್‌ಜೋರ್ಖ್‌ಗೆ ಇನ್ನೂ ಹೆಸರು ಬರೆಸದಿದ್ದರೆ ಇವತ್ತೇ ಬರೆಸಿ, ಬಸಿರಿನ ಮೊದಲ ತಿಂಗಳುಗಳಲ್ಲೇ ಬರೆಸೋದು ವಾಡಿಕೆ. ಗಂಟೆಯೊಳಗೆ ಪ್ಯಾಡ್ ಪೂರ್ತಿ ನೆನೆದರೆ, 38 ಡಿಗ್ರಿ ದಾಟಿ ಜ್ವರ ಬಂದರೆ, ಒಂದೇ ಕಾಲು ಊದಿ ನೋವಾದರೆ ಕಾಯದೇ ಸೂಲಗಿತ್ತಿಗೋ ಡಾಕ್ಟರಿಗೋ ಫೋನ್ ಮಾಡಿ. ಎರಡು ವಾರವಾದರೂ ಅಳು ನಿಲ್ಲದಿದ್ದರೂ ಅಷ್ಟೇ. ಅದು ನಿಮ್ಮ ತಪ್ಪಲ್ಲ, ಹೆತ್ತ 100 ಜನರಲ್ಲಿ ಸುಮಾರು 13 ಜನಕ್ಕೆ ಮನಸ್ಸಿನ ಕಾಯಿಲೆ ಕಾಡುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ.

ಸಬ್ಬಸಗಿ ಇಲ್ಲಿನ ಅಂಗಡಿಯಲ್ಲಿ ‘ದಿಲ್ಲೆ’ ಅಂತ ಸಿಗುತ್ತೆ. ಅಂಟು, ಆಳ್ವಿ, ಉತ್ತತ್ತಿ ಅಮ್ಮನಿಂದ ಪಾರ್ಸೆಲ್ ತರಿಸಿಕೊಳ್ಳಿ. ಆಳ್ವಿ ಮಾತ್ರ ಹೆರಿಗೆ ಆದ ಮೇಲೆ ತಿನ್ನಿ. ಅಂಟಿನುಂಡಿ ಮಾಡೋದು ಗೊತ್ತಿಲ್ಲದಿದ್ದರೆ ಇಲ್ಲೇ ಕೇಳಿ, ಅವ್ವನ ಅಳತೆ ಬರೆದಿಟ್ಟುಕೊಂಡಿದೀನಿ.