ಹಳೆ ಗೇರ್‌ಬಾಕ್ಸ್ ಕಬ್ಬಿಣ, ಹೊಸದು ಕಾಗದ ಅಂದವರು ಯಾರು?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಊರು ಬೇರೆ, ಗಾಡಿ ಬೇರೆ, ಮಾತು ಅದೇ: ಹಳೆ ಆಟೊಮ್ಯಾಟಿಕ್ ಗಟ್ಟಿ ಅಂತಾರೆ, ಹೊಸದು ನಾಜೂಕು ಅಂತಾರೆ, ಏನು ಮಾಡಲಿ? ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಗ್ಯಾರೇಜಿನಲ್ಲೂ ದಿನಾ ಇದೇ. ಗಾಡಿ ಲಿಫ್ಟ್ ಮೇಲೆ, ನಾನು ಅದರ ಕೆಳಗೆ, ಪಕ್ಕದಲ್ಲಿ ಚಹಾ ಹಿಡಿದು ನಿಂತವರು ಇದನ್ನೇ ಕೇಳುತ್ತಾರೆ. ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡಬಹುದು. ಆಟೊಮ್ಯಾಟಿಕ್ ಅಂದರೇನು, ಕ್ಲಚ್ ಪೆಡಲ್ ಎಲ್ಲಿ ಹೋಯಿತು ಅನ್ನೋದರಿಂದ ಮಾತ್ರ ಶುರು ಮಾಡುವುದಿಲ್ಲ.

ಪ್ರಶ್ನೆ: ನನ್ನದು 2011ರ ಐ10 ಆಟೊಮ್ಯಾಟಿಕ್, 4 ಗೇರಿನದು. 88 ಸಾವಿರ ಕಿ.ಮೀ. ಓಡಿದೆ. ದಿನಾ ಧಾರವಾಡದಿಂದ ಹುಬ್ಬಳ್ಳಿಯ ಶಾಲೆಗೆ ಹೋಗಿ ಬರುತ್ತೇನೆ. ವರ್ಷಕ್ಕೆ ಎರಡು ಸಲ ಗೋಕರ್ಣ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಹಿಂದಿನಿಂದ ಯಾರೋ ನೂಕಿದ ಹಾಗಾಗುತ್ತದೆ. ಗೇರ್‌ಬಾಕ್ಸ್ ಆಯಿಲ್ ಇದುವರೆಗೆ ಬದಲಾಯಿಸಿಲ್ಲ. ಮಗ ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಇರುವ ಹೊಸ ಗಾಡಿ ತಗೋ ಅಂತಾನೆ. ಪಕ್ಕದ ಮನೆಯವರು ‘ಹಳೇದು ಕಬ್ಬಿಣ, ಹೊಸದು ಕಾಗದ, ಬಿಡಬ್ಯಾಡ್ರಿ’ ಅಂತಾರೆ. ಯಾರ ಮಾತು ಕೇಳಲಿ? — ಸಪ್ತಾಪುರದ ಶಿಕ್ಷಕಿ

ಉತ್ತರ: ಅಕ್ಕೋರೇ, ಸದ್ಯ ಇಬ್ಬರ ಮಾತೂ ಬೇಡ.

ಪಕ್ಕದ ಮನೆಯವರ ಲೆಕ್ಕದಲ್ಲಿ ಒಂದು ತಪ್ಪಿದೆ. ಇವತ್ತಿಗೂ ಓಡುತ್ತಿರುವ ಹಳೆ ಗಾಡಿಗಳಷ್ಟೇ ಅವರ ಕಣ್ಣಿಗೆ ಬೀಳುತ್ತವೆ. ಗೇರ್‌ಬಾಕ್ಸ್ ಹೋದ ಹಳೆ ಗಾಡಿ ಗುಜರಿ ಸೇರಿ ಎಂದೋ ಕರಗಿಹೋಗಿದೆ. ಅದು ಅವರ ಓಣಿಗೆ ಬಂದು ಸಾಕ್ಷಿ ಹೇಳುವುದಿಲ್ಲ, ಅಲ್ವಾ? ನಾನು ಹಳೆ ಆಟೊಮ್ಯಾಟಿಕ್‌ಗಳನ್ನು ಬೇಕಾದಷ್ಟು ಬಿಚ್ಚಿದ್ದೇನೆ. ಸುಟ್ಟ ಕ್ಲಚ್ ಪ್ಲೇಟು, ಒಣಗಿ ಒಡೆದ ಸೀಲು, ಜಾಮ್ ಆದ ವಾಲ್ವು ಎಲ್ಲಾ ಕಂಡಿದ್ದೇನೆ.

ಹಾಗಂತ ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಹಳೆಯ 4 ಗೇರಿನ ಪೆಟ್ಟಿಗೆ ಸಾದಾ ಇತ್ತು. ಒಳಗೆ ಸಾಮಾನು ಕಮ್ಮಿ, ಆಯಿಲಿನ ದಾರಿ ತೆರೆದು ಮುಚ್ಚುವ ಸೊಲೆನಾಯ್ಡ್ ಕಮ್ಮಿ, ಕೆಲಸದಲ್ಲಿ ಅವಸರವೂ ಕಮ್ಮಿ. ಗೇರು ನಾಲ್ಕೇ ಆದ್ದರಿಂದ ಒಂದೊಂದು ಮೆಟ್ಟಿಲೂ ಎತ್ತರ. ಎತ್ತರದ ಮೆಟ್ಟಿಲು ಹತ್ತುವಾಗ ಮೈ ತುಸು ಜಗ್ಗುತ್ತದೆ. ನಿಮಗಾಗುವ ನೂಕಿನಲ್ಲಿ ಅರ್ಧ ಪಾಲು ಹುಟ್ಟುಗುಣ. 6 ಅಥವಾ 8 ಗೇರಿನ ಗಾಡಿಯಲ್ಲಿ ಮೆಟ್ಟಿಲು ಗಿಡ್ಡ, ಹತ್ತಿದ್ದೇ ಗೊತ್ತಾಗುವುದಿಲ್ಲ.

ಲಾಕ್‌ಅಪ್ ಕ್ಲಚ್ ಅಂತ ಇನ್ನೊಂದಿದೆ. ಎಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರ ಕಚ್ಚಿಸುವ ಪ್ಲೇಟು ಅದು. ಹಳೆಯ ಬಹಳಷ್ಟು ಗಾಡಿಗಳಲ್ಲಿ ಅದು ಮೇಲಿನ ಗೇರಿನಲ್ಲಿ, ಹೈವೇ ಸ್ಪೀಡಿನಲ್ಲಿ ಮಾತ್ರ ಕಚ್ಚುತ್ತಿತ್ತು. ಉಳಿದ ಹೊತ್ತು ಎಂಜಿನ್ ಆಯಿಲನ್ನು ಕಡೆಯುತ್ತಾ ಕೂರುತ್ತಿತ್ತು. ಮೈಲೇಜ್ ಹೋಯಿತು, ಪ್ಲೇಟು ಉಳಿಯಿತು. ಹೊಸ ಗಾಡಿಯಲ್ಲಿ ಅದು ಕೆಳಗಿನ ಗೇರುಗಳಲ್ಲೇ ಕಚ್ಚುತ್ತದೆ, ಬಿಡುತ್ತದೆ, ಬೇಕೆಂದೇ ಒಂದಿಷ್ಟು ಜಾರುತ್ತದೆ. ಆ ನುಣುಪು, ಆ ಮೈಲೇಜು ಬರೋದು ಇಲ್ಲಿಂದಲೇ. ಆದರೆ ಜಾರಿದಾಗ ಸವೆದ ಪುಡಿ ಎಲ್ಲಿಗೆ ಹೋಗಬೇಕು? ಆಯಿಲಿಗೇ.

ಗೇರು ಬದಲಾಗುವ ಬಗೆಯೂ ಬೇರೆ. ಹೊಸದರಲ್ಲಿ ಒಂದು ಕ್ಲಚ್ ಬಿಡುತ್ತಿದ್ದಂತೆಯೇ ಇನ್ನೊಂದು ಹಿಡಿಯಬೇಕು. ಬೇಗ ಹಿಡಿದರೆ ಹೊಡೆತ, ತಡವಾದರೆ ಎಂಜಿನ್ ಸುಮ್ನೆ ಕೂಗುತ್ತದೆ. ಈ ಹೊಂದಾಣಿಕೆಯನ್ನು ಕಂಪ್ಯೂಟರು ನೋಡಿಕೊಳ್ಳುತ್ತದೆ. ಪ್ಲೇಟು ಸವೆದಷ್ಟೂ ತಾನೂ ಲೆಕ್ಕ ತಿದ್ದಿಕೊಳ್ಳುತ್ತದೆ. ಹೀಗಾಗಿ ಹೊಸ ಪೆಟ್ಟಿಗೆ ತನ್ನ ಕಾಯಿಲೆಯನ್ನು ಬಹಳ ದಿನ ಮುಚ್ಚಿಡುತ್ತದೆ. ಹಳೇದು ಮೊದಲೇ ಜಗ್ಗಿ, ನೂಕಿ ಹೇಳುತ್ತಿತ್ತು. ಹೊಸದು ಹೇಳುವ ಹೊತ್ತಿಗೆ ಬಿಲ್ಲು ದೊಡ್ಡದಾಗಿರುತ್ತದೆ.

ಹಳೆಯ ಬಹಳಷ್ಟು ಗಾಡಿಗಳಲ್ಲಿ ಗೇರ್‌ಬಾಕ್ಸಿಗೂ ಒಂದು ಡಿಪ್‌ಸ್ಟಿಕ್ ಇತ್ತು. ಎಳೆದು, ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟರೆ ಅರ್ಧ ಜಾತಕ ತಿಳಿಯುತ್ತಿತ್ತು. ಕೆಂಪಗಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿದರೆ ಬದಲಾಯಿಸುವ ಹೊತ್ತು. ಕಪ್ಪಗಾಗಿ, ತಳ ಹತ್ತಿದ ಸಾರಿನ ಹಾಗೆ ವಾಸನೆ ಬಂದರೆ ಪ್ಲೇಟು ಸುಟ್ಟಿದೆ. ಈಗ ಆ ಕಡ್ಡಿಯನ್ನೇ ತೆಗೆದಿದ್ದಾರೆ. ಗಾಡಿ ಸಮನಾಗಿ ಎತ್ತಿ, ಸ್ಕ್ಯಾನರ್ ಹಚ್ಚಿ, ಆಯಿಲ್ ಇಂತಿಷ್ಟೇ ಡಿಗ್ರಿ ಬಿಸಿಯಾದಾಗ ಕೆಳಗಿನ ಬೋಲ್ಟ್ ಬಿಚ್ಚಿ ಮಟ್ಟ ನೋಡಬೇಕು. ಕಷ್ಟದ ಕೆಲಸ, ಅದಕ್ಕೇ ಯಾರೂ ನೋಡುವುದಿಲ್ಲ. ಕೇಳಿದರೆ ಒಂದೇ ಮಾತು: ‘ಲೈಫ್‌ಟೈಮ್ ಆಯಿಲ್ ಐತ್ರಿ ಸರ, ಮುಟ್ಟೂದು ಬ್ಯಾಡ.’

ಯಾರ ಲೈಫ್‌ಟೈಮು? ಜರ್ಮನಿಯ ಝಡ್‌ಎಫ್ ಕಂಪನಿಯ 8 ಗೇರಿನ ಪೆಟ್ಟಿಗೆ ದೊಡ್ಡ ದೊಡ್ಡ ಗಾಡಿಗಳಲ್ಲಿದೆ. ಅದಕ್ಕೂ ಜೀವಮಾನದ ಆಯಿಲ್ ಅಂತ ಕಾರು ಕಂಪನಿಯವರು ಹೇಳಿದ್ದುಂಟು. ಪೆಟ್ಟಿಗೆ ಮಾಡಿದ ಝಡ್‌ಎಫ್ ಮಾತ್ರ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿ.ಮೀ.ಗೆ, ಇಲ್ಲವೇ 8 ವರ್ಷಕ್ಕೆ ಬದಲಾಯಿಸಿ ಅನ್ನುತ್ತದೆ. ಹೆತ್ತವರ ಮಾತು ಕೇಳಬೇಕೋ, ಮಾರಿದವರ ಮಾತು ಕೇಳಬೇಕೋ ನೀವೇ ಹೇಳಿ. ನಮ್ಮ ಏಪ್ರಿಲ್ ಬಿಸಿಲು, ಉಣಕಲ್ ಕ್ರಾಸಿನ ಗದ್ದಲ ನೋಡಿ ನಾನು ನಿಮ್ಮದರಂಥ ಟಾರ್ಕ್ ಕನ್ವರ್ಟರ್ ಪೆಟ್ಟಿಗೆಗೆ 50–60 ಸಾವಿರ ಕಿ.ಮೀ.ಗೆ, ಗೇರಿನ ಬದಲು ಬೆಲ್ಟಿನ ಮೇಲೆ ಓಡುವ ಸಿವಿಟಿಗೆ 40 ಸಾವಿರಕ್ಕೆ ಬದಲಾಯಿಸುತ್ತೇನೆ. ಜಾಸ್ತಿ ಹುಷಾರಿನವನು ಅಂತ ನಕ್ಕರೂ ಅಡ್ಡಿ ಇಲ್ಲ.

ಈಗ ನಿಮ್ಮ ಗಾಡಿ. ಆಯಿಲ್ ಬದಲಾಯಿಸಿ, ಆದರೆ ಒಂದೇ ಸಲಕ್ಕಲ್ಲ. ಕೆಳಗಿನ ಬೋಲ್ಟ್ ಬಿಚ್ಚಿದರೆ ಅರ್ಧದಷ್ಟೇ ಇಳಿಯುತ್ತದೆ, ಉಳಿದದ್ದು ಕನ್ವರ್ಟರಿನ ಹೊಟ್ಟೆಯಲ್ಲೇ ಇರುತ್ತದೆ. ಒಮ್ಮೆ ಇಳಿಸಿ ತುಂಬಿ, ಒಂದು ವಾರ ಧಾರವಾಡ–ಹುಬ್ಬಳ್ಳಿ ಓಡಿಸಿ, ಮತ್ತೊಮ್ಮೆ ಇಳಿಸಿ. ಮಷಿನ್ ಹಚ್ಚಿ ಪ್ರೆಶರಿನಲ್ಲಿ ತೊಳೆಯುತ್ತೇವೆ ಅಂದರೆ ಕೀಲಿ ಇಸಕೊಂಡು ವಾಪಸ್ ಬನ್ನಿ. 88 ಸಾವಿರದ ಕೊಳೆ ಒಮ್ಮೆಲೇ ಎದ್ದು ಆಯಿಲ್ ಹಂಚುವ ವಾಲ್ವ್ ಬಾಡಿಯ ಸಣ್ಣ ಸಂದಿಗಳಲ್ಲಿ ಕೂತರೆ ಇದ್ದದ್ದೂ ಹೋಗುತ್ತದೆ. ‘ಹಳೆ ಪೆಟ್ಟಿಗೆಗೆ ಹೊಸ ಆಯಿಲ್ ಹಾಕಿದರೆ ಗೇರ್ ಜಾರುತ್ತದೆ’ ಅನ್ನುವ ಮಾತೂ ಹುಟ್ಟಿದ್ದು ಇಂಥ ಕೆಲಸದಿಂದಲೇ. ಆಗಲೇ ಜಾರುತ್ತಿದ್ದ ಗಾಡಿಗೆ ಕೊನೆಗಾಲದಲ್ಲಿ ಆಯಿಲ್ ಹಾಕಿ, ಆಮೇಲೆ ಆಯಿಲನ್ನು ಬೈದವರದೂ ಅದರಲ್ಲಿ ಪಾಲಿದೆ. ಜಾರೋದು ಅಂದರೆ ಎಂಜಿನ್ ಕೂಗಿದರೂ ಗಾಡಿ ಎಳೆಯದಿರುವುದು. ನಿಮ್ಮ ಗಾಡಿ ಜಾರುತ್ತಿಲ್ಲ, ನೂಕುತ್ತಿದೆ. ಎರಡೂ ಬೇರೆ.

ಪ್ಯಾನ್, ಅಂದರೆ ತಳದ ಆಯಿಲ್ ತಟ್ಟೆ ಬಿಚ್ಚುವ ಪೆಟ್ಟಿಗೆಯಾದರೆ ಆ ಹೊತ್ತಿಗೆ ಅಲ್ಲೇ ನಿಂತಿರಿ. ಪ್ಯಾನಿನ ತಳದಲ್ಲಿ ಮ್ಯಾಗ್ನೆಟ್ ಇರುತ್ತದೆ. ಇಲ್ಲದಿದ್ದರೆ ಡ್ರೇನ್ ಬೋಲ್ಟಿನ ತುದಿ ನೋಡಿ, ಹಲವದರಲ್ಲಿ ಅಲ್ಲೇ ಇರುತ್ತದೆ. ಅದರ ಮೇಲೆ ಕಾಡಿಗೆಯ ಹಾಗೆ ನುಣ್ಣನೆ ಕಪ್ಪು ಕೂತಿದ್ದರೆ ಹೆದರಬೇಡಿ, ಅದು ವಯಸ್ಸಿನ ಸವೆತ. ಬೆರಳಲ್ಲಿ ತಿಕ್ಕಿದಾಗ ಕರಕರ ಅಂದರೆ, ಮೀನಿನ ಪೊರೆಯ ಹಾಗೆ ಮಿಂಚುವ ಚೂರು ಸಿಕ್ಕರೆ, ಆಯಿಲಿಗೂ ದುಡ್ಡು ಹಾಕಬೇಡಿ. ಗಾಡಿ ಮಾರುವ ಯೋಚನೆ ಮಾಡಿ.

ಆಯಿಲ್ ಯಾವುದು ಅನ್ನೋದು ಬಹಳ ಮುಖ್ಯ. ನಿಮ್ಮ 4 ಗೇರಿನ ಪೆಟ್ಟಿಗೆಗೆ ಎಸ್‌ಪಿ-3. ಅದೇ ಕಂಪನಿಯ 6 ಗೇರಿನದಕ್ಕೆ ಎಸ್‌ಪಿ-4. ನೋಡಲು ಎರಡೂ ಕೆಂಪೇ. ಗದಗಿನ ವ್ಯಾಪಾರಿಯೊಬ್ಬರ ಸಿವಿಟಿ ಗಾಡಿಗೆ ಅಲ್ಲಿನ ಮೇಸ್ತ್ರಿಯೊಬ್ಬ ‘ಕೆಂಪಂದ್ರ ಕೆಂಪು, ಎಲ್ಲಾ ಒಂದ ರಿ’ ಅಂತ ಸಿಕ್ಕಿದ ಡಬ್ಬಿ ಸುರಿದಿದ್ದ. ಸಿವಿಟಿಯಲ್ಲಿ ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟು. ಆ ಆಯಿಲಿನ ಹಿಡಿತದ ಮೇಲೇ ಬೆಲ್ಟು ನಿಂತಿರುತ್ತದೆ. ಗಾಡಿ ನಮ್ಮಲ್ಲಿಗೆ ಟ್ರಕ್ ಮೇಲೆ ಬಂತು. ಪುಲ್ಲಿಯ ಮುಖದ ಮೇಲೆ ಉಗುರು ಆಡಿಸಿದೆ, ಗೀರು ಗೀರಿಗೂ ಉಗುರು ಸಿಕ್ಕಿಹಾಕಿಕೊಂಡಿತು. ಕನ್ನಡಿಯ ಹಾಗಿರಬೇಕಾದ ಜಾಗ ಅದು. ಆ ವ್ಯಾಪಾರಿ ಆಮೇಲೆ ಅಂದಿದ್ದು ಏನು ಗೊತ್ತೇ? ‘ಸಿವಿಟಿನೇ ಕೆಟ್ಟದ್ದು ಬಿಡ್ರಿ.’ ಹೊಸ ಪೆಟ್ಟಿಗೆಗಳಿಗೆ ಕೆಟ್ಟ ಹೆಸರು ಬಂದಿದ್ದರಲ್ಲಿ ಇಂಥ ಮೇಸ್ತ್ರಿಗಳ ಪಾಲೂ ಇದೆ.

ರೇಡಿಯೇಟರನ್ನೂ ಒಮ್ಮೆ ನೋಡಿಸಿ. ಹಳೆಯ ಎಷ್ಟೋ ಆಟೊಮ್ಯಾಟಿಕ್‌ಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ತಣ್ಣಗಾಗುವುದು ರೇಡಿಯೇಟರಿನ ಒಳಗೇ. ಒಳಗಿನ ಗೋಡೆ ಒಡೆದರೆ ನೀರು, ಆಯಿಲ್ ಕೂಡಿ ಗುಲಾಬಿ ಮಿಲ್ಕ್‌ಶೇಕ್ ಆಗುತ್ತದೆ. ಕ್ಲಚ್ ಪ್ಲೇಟಿನ ಮೇಲಿನ ಪದರ ಅಂಟಿನಿಂದ ಕೂತಿರುತ್ತದೆ, ನೀರು ಬಿದ್ದರೆ ಎದ್ದು ಬರುತ್ತದೆ. ಪಕ್ಕದ ಮನೆಯವರು ಕಬ್ಬಿಣ ಅಂದರಲ್ಲ, ಆ ಕಬ್ಬಿಣದ ಕಥೆ ಹೀಗೂ ಮುಗಿಯುತ್ತದೆ.

ಇನ್ನು ಮಗನ ಮಾತು. ಡಿಸಿಟಿ ಗೇರು ಬದಲಾಯಿಸುವ ಚೆಂದಕ್ಕೆ ನಾನೂ ಸೋತಿದ್ದೇನೆ. ಖಾಲಿ ಹೈವೇಯಲ್ಲಿ ಹಾವೇರಿ ಕಡೆ ಹೊರಟರೆ ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ. ಆದರೆ ಅದರಲ್ಲಿ ಎರಡು ಜಾತಿ. ಕ್ಲಚ್ ಆಯಿಲಿನಲ್ಲಿ ಮುಳುಗಿರುವುದು ಒಂದು, ಒಣ ಕ್ಲಚ್ಚಿನದು ಇನ್ನೊಂದು. ನಮ್ಮ ಬಜೆಟ್ಟಿನ ಗಾಡಿಗಳಲ್ಲಿ ಒಣದ್ದೇ ಜಾಸ್ತಿ. ಟ್ರಾಫಿಕ್ಕಿನಲ್ಲಿ ಇಂಚಿಂಚು ತೆವಳುವಾಗ ಅದು ಅರ್ಧ ಹಿಡಿದು ಅರ್ಧ ಜಾರುತ್ತದೆ. ಮ್ಯಾನುಯಲ್ ಗಾಡಿಯಲ್ಲಿ ಅರ್ಧ ಕ್ಲಚ್ ಒತ್ತಿ ನಡೆಸಿದರೆ ಏನಾಗುತ್ತದೋ ಅದೇ. ಅರಬೈಲ್ ಘಾಟಿನಲ್ಲಿ ತುಂಬಿದ ಲಾರಿಯ ಹಿಂದೆ ಸಿಕ್ಕಿಕೊಂಡು, ಡ್ಯಾಶ್‌ಬೋರ್ಡಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗಿದೆ ಅಂತ ದೀಪ ಹತ್ತಿ, ಮನೆ ಮಂದಿ ಎಲ್ಲಾ ರಸ್ತೆ ಪಕ್ಕ ಇಳಿದು ನಿಂತು ನನಗೆ ಫೋನ್ ಮಾಡಿದ್ದಾರೆ.

ಇದು ನನ್ನೊಬ್ಬನ ಭಯವೂ ಅಲ್ಲ. 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಗುಂಪು ತನ್ನ 7 ಗೇರಿನ ಒಣ ಕ್ಲಚ್ ಡಿಎಸ್‌ಜಿ (ಡಿಸಿಟಿಗೆ ಅವರಿಟ್ಟ ಹೆಸರು) ಇರುವ ಸುಮಾರು 16 ಲಕ್ಷ ಗಾಡಿಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆಸಿ, ಗೇರುಗಳ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿತು. ಬಿಸಿ, ಸೆಕೆ, ನಿಂತು ನಿಂತು ಸಾಗುವ ಟ್ರಾಫಿಕ್ ಇರುವ ಕಡೆಯೇ ತೊಂದರೆ ಜಾಸ್ತಿ. ಫೋರ್ಡ್ 2017ರ ಇಕೋಸ್ಪೋರ್ಟ್‌ನಲ್ಲಿ ಡಿಸಿಟಿ ಬಿಟ್ಟು ಟಾರ್ಕ್ ಕನ್ವರ್ಟರಿಗೇ ಮರಳಿತು. ಆಮೇಲೆ ಬಂದವು ಸುಧಾರಿಸಿವೆ, ಒಪ್ಪುತ್ತೇನೆ. ಆದರೂ ದಿನಾ ಉಣಕಲ್, ವಿದ್ಯಾನಗರ, ಹೊಸೂರು ದಾಟುವವರಿಗೆ ಒಣ ಡಿಸಿಟಿ ತಗೊಳ್ಳಿ ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಚಿಗರಿ ಬಸ್ಸು ತನಗೇ ಮೀಸಲಾದ ನಡುವಿನ ದಾರಿಯಲ್ಲಿ ಸುಯ್ಯನೆ ಹೋಗುತ್ತದೆ, ಪಕ್ಕದಲ್ಲಿ ತೆವಳುವವರು ನೀವು.

ಹೊಸದು ಬೇಕೇ ಬೇಕಾದರೆ 6 ಗೇರಿನ ಟಾರ್ಕ್ ಕನ್ವರ್ಟರ್ ತಗೊಳ್ಳಿ. ನುಣುಪೂ ಇದೆ, ತಾಳಿಕೆಯೂ ಇದೆ. ಸಾವಕಾಶ ಓಡಿಸುವವರಾದ್ದರಿಂದ ಸಿವಿಟಿಯೂ ನಡೆಯುತ್ತದೆ. ಮೊದಲು ಮಾತ್ರ ಆಯಿಲ್ ಬದಲಾಯಿಸಿ ನೋಡಿ. ನೂಕು ಅರ್ಧ ಇಳಿದರೆ ನಿಮ್ಮ ಐ10 ಇನ್ನೂ ನಾಲ್ಕು ವರ್ಷ ಶಾಲೆಗೆ ಬರುತ್ತದೆ ಅನ್ನೋದು ನನ್ನ ಅಂದಾಜು.

ಪ್ರಶ್ನೆ: ನನ್ನ ಎಎಂಟಿ ಗಾಡಿ ಗೇರು ಬದಲಾಯಿಸುವಾಗ ತಲೆ ಮುಂದೆ ಬಾಗುತ್ತದೆ. ಗೇರ್‌ಬಾಕ್ಸ್ ಹೋಯಿತಾ? — ಬ್ಯಾಡಗಿ

ಉತ್ತರ: ಇಲ್ಲ. ಅದು ಮ್ಯಾನುಯಲ್ ಗೇರ್‌ಬಾಕ್ಸೇ, ನಿಮ್ಮ ಬದಲು ಒಂದು ಯಂತ್ರ ಕ್ಲಚ್ ಒತ್ತುತ್ತದೆ. ಗೇರು ಬೀಳುವ ಹೊತ್ತಿಗೆ ಆಕ್ಸಿಲರೇಟರ್ ಮೇಲಿನ ಕಾಲು ತುಸು ಎತ್ತಿ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದಾ? — ಮುಂಡರಗಿ

ಉತ್ತರ: ಇಲ್ಲ. ಗೇರಿನಲ್ಲೇ ಕಾಲೆತ್ತಿ ಇಳಿದರೆ ಎಂಜಿನ್ ಪೆಟ್ರೋಲ್ ತಾನೇ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಕುಡಿಯುತ್ತಲೇ ಇರುತ್ತದೆ, ಮೇಲೆ ಬ್ರೇಕೂ ಸುಡುತ್ತದೆ.

ಪ್ರಶ್ನೆ: ಗೇರ್‌ಬಾಕ್ಸಿಗೆ ಒಂದು ಬಾಟಲಿ ಔಷಧಿ ಹಾಕಿದರೆ ಹೊಸದಾಗುತ್ತದೆ ಅಂತಾರೆ. ಹಾಕಿಸಲಾ? — ನವನಗರ

ಉತ್ತರ: ಆ ದುಡ್ಡಿಗೆ ಮನೆ ಮಂದಿಗೆಲ್ಲಾ ಗಿರಮಿಟ್ ಮಿರ್ಚಿ ಕೊಡಿಸಿ.

ಪ್ರಶ್ನೆ: ಬ್ಯಾಟರಿ ಡೌನ್ ಆಗಿದೆ. ನಾಲ್ಕು ಜನ ತಳ್ಳಿದರೆ ಆಟೊಮ್ಯಾಟಿಕ್ ಸ್ಟಾರ್ಟ್ ಆಗುತ್ತದಾ? — ರಾಣೆಬೆನ್ನೂರು

ಉತ್ತರ: ನಲವತ್ತು ಜನ ತಳ್ಳಿದರೂ ಇಲ್ಲ. ಕೇಬಲ್ ಹಾಕಿ ಇನ್ನೊಂದು ಬ್ಯಾಟರಿಯಿಂದ ಸ್ಟಾರ್ಟ್ ಮಾಡಿ. ಹಗ್ಗ ಕಟ್ಟಿ ಎಳೆಸಲೂಬೇಡಿ, ಫ್ಲಾಟ್‌ಬೆಡ್ ಕರೆಸಿ. ಬ್ಯಾಟರಿ ಬದಲಾಯಿಸಿದ ಮೇಲೆ ಕೆಲವು ಗಾಡಿಗಳ ಕಂಪ್ಯೂಟರು ಕಲಿತದ್ದನ್ನು ಮರೆಯುತ್ತದೆ, ಒಂದೆರಡು ದಿನ ಗೇರು ಒರಟಾಗಿ ಬೀಳುತ್ತವೆ. ವಾರ ಕಳೆದರೂ ಹಾಗೇ ಇದ್ದರೆ ಮಾತ್ರ ಬನ್ನಿ.

ಬರುವವರಿಗೆ ಒಂದು ಮಾತು. ಗೇರ್‌ಬಾಕ್ಸಿನ ಎಷ್ಟೋ ತಕರಾರು ತಣ್ಣಗಿರುವಾಗಲೇ ಕಾಣುವುದು. ಹತ್ತಿಪ್ಪತ್ತು ಕಿ.ಮೀ. ಓಡಿಸಿ, ಬಿಸಿ ಮಾಡಿಕೊಂಡು ಬಂದು ‘ಈಗ ಆಗ್ತಾ ಇಲ್ರಿ, ಬೆಳಿಗ್ಗೆ ಆಗ್ತಿತ್ತು’ ಅಂದರೆ ನಾನೇನು ನೋಡಲಿ? ಗಾಡಿ ರಾತ್ರಿ ಇಲ್ಲೇ ಬಿಟ್ಟು ಹೋಗಿ. ಮರುದಿನ ಮೊದಲ ಸ್ಟಾರ್ಟ್ ನಾನೇ ಮಾಡುತ್ತೇನೆ.