ಹಳೇ ರೂಟರ್ ಎಸೆಯಬೇಡಿ, ಮೊದಲು ಒಂದು ವೈರ್ ಎಳೆಯಿರಿ

ನಿಮ್ಮ ಪ್ರಶ್ನೆ ಓದಿದಾಗ ನಮ್ಮ ಮನೆ ಕತೆಯನ್ನೇ ಯಾರೋ ಬರೆದ ಹಾಗಿತ್ತು. ಜಗುಲಿಯಲ್ಲಿ ಫೈಬರ್ ರೂಟರ್ ಇದೆ, ಉಪ್ಪರಿಗೆ ರೂಮಿಗೆ ಸಿಗ್ನಲ್ ಹೋಗಲ್ಲ, ಅಂಗಳದಾಚೆಯ ಅಡಿಕೆ ಶೆಡ್ಡಿಗೂ ಬೇಕು. ಕಪಾಟಿನಲ್ಲಿ ಎರಡು ಹಳೇ ರೂಟರ್ ಬಿದ್ದಿವೆ, ಒಂದಕ್ಕೆ ಯುಎಸ್‌ಬಿ ಪೋರ್ಟ್ ಇದೆ. ಅದಕ್ಕೆ ಹಾರ್ಡ್ ಡಿಸ್ಕ್ ಸಿಕ್ಕಿಸಿ ಮನೆಯವರ ಫೋಟೋ ಬ್ಯಾಕಪ್ ಇಡಬಹುದಾ, ಇಲ್ಲಾ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಕೊಳ್ಳಬೇಕಾ. ಇಷ್ಟು ತಾನೆ?

ರಿಪೀಟರ್ ಬೇಡ. ಹಳೇ ರೂಟರ್ ಸಾಕು, ಆದರೆ ವೈರ್ ಎಳೆಯಬೇಕು. ಡಿಸ್ಕ್ ಸಿಕ್ಕಿಸಬಹುದು, ಆದರೆ ಅದೊಂದನ್ನೇ ನಂಬಿ ಫೋನಿನಿಂದ ಫೋಟೋ ಅಳಿಸಬೇಡಿ. ನಾನು ಅಳಿಸಿದ್ದೆ, ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮದು ಸಾಗರದ ಕಡೆಯ ಹಳೇ ಮನೆ. ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ಫೈಬರ್ ಹಾಕಲು ಬಂದ ಹುಡುಗ ಕೇಬಲ್ ಎಲ್ಲಿ ಒಳಗೆ ಬಂತೋ ಅಲ್ಲೇ ರೂಟರ್ ನೇತುಹಾಕಿ ಹೋದ. ಅಂಥ ಗೋಡೆ ಎರಡು ದಾಟುವಷ್ಟರಲ್ಲಿ ವೈಫೈಯ ಎರಡು ಬ್ಯಾಂಡಿನಲ್ಲಿ ವೇಗದ್ದಾದ 5 ಗಿಗಾಹರ್ಟ್ಸ್ ಸಿಗ್ನಲ್ ಸತ್ತೇ ಹೋಗುತ್ತದೆ. 2.4 ಗಿಗಾಹರ್ಟ್ಸ್ ಏದುಸಿರು ಬಿಡುತ್ತಾ ತಲುಪುತ್ತದೆ, ಆದರೆ ಅದರಲ್ಲಿ ಸ್ಪೀಡ್ ಇರಲ್ಲ. ನಾನೂ ಮೊದಲು ರಿಪೀಟರನ್ನೇ ತಂದೆ. ಸಿಗ್ನಲ್ ಇಲ್ಲದ ರೂಮಿನಲ್ಲೇ ಚುಚ್ಚಿದೆ. ದಡ್ಡತನ. ಅದಕ್ಕೇ ಸಿಗ್ನಲ್ ಸಿಗದಿದ್ದರೆ ಅದು ಮುಂದಕ್ಕೆ ಕೊಡುವುದೇನನ್ನು? ಆಮೇಲೆ ನಡುಮನೆಗೆ ತಂದಿಟ್ಟೆ, ಗೆರೆಗಳೆಲ್ಲ ತುಂಬಿ ಬಂದವು, ಸ್ಪೀಡ್ ಮಾತ್ರ ಅರ್ಧಕ್ಕಿಂತ ಕೆಳಗೆ. ಅಗ್ಗದ ರಿಪೀಟರಿಗೆ ಇರುವುದು ಒಂದೇ ರೇಡಿಯೋ. ಜಗುಲಿಯಲ್ಲಿ ಕೂತ ನೆಂಟರ ಮಾತು ಕೇಳಿಕೊಂಡು ಅಡುಗೆಮನೆಗೆ ಓಡಿ ಹೇಳಿ, ಉತ್ತರ ಇಸಕೊಂಡು ಮತ್ತೆ ಜಗುಲಿಗೆ ಓಡಿ ಬರುವ ಹುಡುಗನ ಹಾಗೆ ಅದು. ಕೇಳುವಾಗ ಹೇಳಲು ಆಗಲ್ಲ, ಹೇಳುವಾಗ ಕೇಳಲು ಆಗಲ್ಲ.

ವೈರ್ ಎಳೆದರೆ ಈ ಓಡಾಟವೇ ಇಲ್ಲ. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್ 100 ಮೀಟರ್ ತನಕ ನಡೆಯುತ್ತದೆ. ನಮಗೆ ಜಗುಲಿಯಿಂದ ಅಟ್ಟದ ಮೇಲೆ ಹಾಯಿಸಿ ಉಪ್ಪರಿಗೆಗೆ ಹೋಗಲು 25 ಮೀಟರ್ ಸಾಕಾಯಿತು. ಕೊಳ್ಳುವಾಗ ಹುಷಾರು. ಪೇಟೆಯ ಒಂದು ಅಂಗಡಿಯಲ್ಲಿ ನನಗೆ ಕಾಪರ್ ಅಂತ ಹೇಳಿ ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದದ್ದನ್ನು ಕೊಟ್ಟಿದ್ದರು. ಬ್ಲೇಡಿನಿಂದ ತಂತಿ ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ವಾಪಸ್ ಕೊಡಿ. ಅದು ಬಗ್ಗಿಸಿದರೆ ಮುರಿಯುತ್ತದೆ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಸ್ಪೀಡ್ ಬರಬೇಕಾದರೆ ಒಳಗಿನ ಎಂಟೂ ತಂತಿ ಸರಿ ಇರಬೇಕು. ಒಂದು ಕೈಕೊಟ್ಟರೂ ರೂಟರ್ ಏನೂ ಹೇಳದೆ 100 ಎಂಬಿಪಿಎಸ್‌ಗೆ ಇಳಿದುಬಿಡಬಹುದು. ನಿಮ್ಮ ಪ್ಲಾನ್ 200 ಎಂಬಿಪಿಎಸ್ ಆಗಿದ್ದು, ಸ್ಪೀಡ್ ಟೆಸ್ಟ್ ಎಷ್ಟು ಸಲ ಮಾಡಿದರೂ 94ರ ಹತ್ತಿರವೇ ನಿಂತರೆ ಇದೇ ಕಾರಣ ಇರಬಹುದು. ಅಥವಾ ಹಳೇ ರೂಟರಿನ ಪೋರ್ಟೇ 100ರದ್ದು. ಹಾಗಿದ್ದರೆ ಬೇಜಾರು ಬೇಡ, ವಿಡಿಯೋ ಕಾಲಿಗೂ ಟಿವಿಗೂ 94 ಧಾರಾಳ.

ಇನ್ನು ಹಳೇ ರೂಟರ್ ಸೆಟ್ ಮಾಡುವುದು. ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ರೂಟರನ್ನು ರಿಸೆಟ್ ಮಾಡಿ, ಲ್ಯಾಪ್‌ಟಾಪಿಗೆ ವೈರಿನಲ್ಲಿ ಜೋಡಿಸಿ, ಮೆನುವಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್, ಅಂದರೆ ವೈರಿನಲ್ಲಿ ಬಂದದ್ದನ್ನು ವೈಫೈ ಮಾಡಿ ಕೊಡುವ ಕೆಲಸ ಮಾತ್ರ, ಇದೆಯಾ ನೋಡಿ. ಇದ್ದರೆ ಅದನ್ನು ಒತ್ತಿ, ಕೆಲಸ ಮುಗಿಯಿತು. ಇಲ್ಲದಿದ್ದರೆ ಕೈಯಾರೆ ಮಾಡಬೇಕು. ಜಗುಲಿ ರೂಟರಿನ ವಿಳಾಸ 192.168.1.1 ಅಂತಿದ್ದರೆ ಇದಕ್ಕೆ 192.168.1.2 ಕೊಡಿ, ಸೇವ್ ಮಾಡಿ, ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ, ಆಮೇಲೆ ಡಿಎಚ್‌ಸಿಪಿ, ಅಂದರೆ ಫೋನ್, ಲ್ಯಾಪ್‌ಟಾಪುಗಳಿಗೆ ವಿಳಾಸದ ನಂಬರ್ ಹಂಚುವ ಕೆಲಸ, ಆಫ್ ಮಾಡಿ. ಈ ಕ್ರಮ ತಪ್ಪಿಸಬೇಡಿ, ಡಿಎಚ್‌ಸಿಪಿಯನ್ನೇ ಮೊದಲು ಆಫ್ ಮಾಡಿದರೆ ನಿಮ್ಮ ಲ್ಯಾಪ್‌ಟಾಪಿಗೇ ವಿಳಾಸ ಸಿಗದೆ ಹೊರಗೆ ನಿಲ್ಲುತ್ತೀರಿ. ಜಗುಲಿ ರೂಟರ್ ಫೋನುಗಳಿಗೆ ಹಂಚುವ ನಂಬರುಗಳ ಸಾಲಿನಲ್ಲಿ ಈ 192.168.1.2 ಬರದಂತೆಯೂ ನೋಡಿಕೊಳ್ಳಿ. ಕೇಬಲನ್ನು ಹೊರಗಿನ ಇಂಟರ್‌ನೆಟ್‌ಗೆ ಇರುವ ವ್ಯಾನ್ ಪೋರ್ಟಿಗಲ್ಲ, ಮನೆಯೊಳಗಿನ ಸಾಧನಗಳಿಗೆ ಇರುವ ಲ್ಯಾನ್ ಪೋರ್ಟಿಗೆ ಹಾಕಿ. ವ್ಯಾನಿಗೆ ಹಾಕಿದರೂ ಇಂಟರ್‌ನೆಟ್ ಬರುತ್ತದೆ, ಅದಕ್ಕೇ ಎಷ್ಟೋ ಜನರಿಗೆ ತಪ್ಪು ಗೊತ್ತೇ ಆಗಲ್ಲ. ಆದರೆ ಮನೆಯೊಳಗೇ ಎರಡು ಮನೆಯಾಗುತ್ತದೆ, ಕೆಳಗಿನ ಲ್ಯಾಪ್‌ಟಾಪಿಗೆ ಮೇಲಿನ ಡಿಸ್ಕ್ ಕಾಣಲ್ಲ, ಟಿವಿಗೆ ಫೋನ್ ಸಿಗಲ್ಲ.

ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಇನ್ನೂ ತಮಾಷೆ. ಇಬ್ಬರು ಯಜಮಾನರು ಒಂದೇ ಮನೆಯಲ್ಲಿ ಕೂತು ಬಂದವರಿಗೆಲ್ಲ ತಮಗೆ ತೋಚಿದ ನಂಬರ್ ಕೊಟ್ಟ ಹಾಗೆ. ಕೆಲವು ಫೋನ್ ಓಡುತ್ತವೆ, ಕೆಲವಕ್ಕೆ ವೈಫೈ ಇದೆ ಇಂಟರ್‌ನೆಟ್ ಇಲ್ಲ ಅಂತ ಬರುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ, ಮರುದಿನ ಮತ್ತೆ ಅದೇ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಹೀಗಾಗಿ ಒಂದು ವಾರ ರಾತ್ರಿ ಹತ್ತಕ್ಕೆ ನನಗೆ ಫೋನ್ ಬರುತ್ತಿತ್ತು.

ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಬಗೆ ಎರಡೂ ಕಡೆ ಒಂದೇ ಇಡಿ. ಚಾನೆಲ್ ಮಾತ್ರ ಬೇರೆ ಇರಲಿ, 2.4ರಲ್ಲಿ 1, 6, 11 ಈ ಮೂರೇ ಒಂದಕ್ಕೊಂದು ತಾಗದಿರುವುದು. ಮೇಲೆ ಹೋದರೂ ಫೋನ್ ಕೆಳಗಿನ ರೂಟರಿಗೇ ಅಂಟಿಕೊಂಡಿದ್ದರೆ ರೂಟರುಗಳ ಟ್ರಾನ್ಸ್‌ಮಿಟ್ ಪವರ್ ಸ್ವಲ್ಪ ಇಳಿಸಿ. ಮೆಟ್ಟಿಲು ಹತ್ತುವಾಗ ಕಾಲ್ ಒಂದು ಕ್ಷಣ ತಡವರಿಸಬಹುದು. ಹಲವು ವೈಫೈ ಡಬ್ಬಿ ಸೇರಿ ಒಂದೇ ನೆಟ್‌ವರ್ಕ್ ಆಗಿ ನಡೆಯುವ ಮೆಶ್ ಸೆಟ್ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ, ದುಡ್ಡಿದ್ದರೆ ತಗೊಳ್ಳಿ. ಆದರೆ ಇಂಥ ಗೋಡೆಗಳ ಮನೆಯಲ್ಲಿ ಮೆಶ್ ಡಬ್ಬಿಗಳ ನಡುವೆಯೂ ವೈರ್ ಹಾಕಿದರೇನೇ ಸುಖ.

ಶೆಡ್ಡಿಗೆ ಮಾತ್ರ ತಾಮ್ರದ ಕೇಬಲ್ ಎಳೆಯಬೇಡಿ. ನಮ್ಮ ಕಡೆ ಮಳೆ ಶುರುವಾಗುವ ಮುಂಚಿನ ಸಿಡಿಲು ಗೊತ್ತಲ್ಲ. ಕಟ್ಟಡದಿಂದ ಕಟ್ಟಡಕ್ಕೆ ಹೋದ ತಂತಿ ಹಿಡಿದು ಬಂದು ಎರಡೂ ಕಡೆಯ ಪೋರ್ಟ್ ಸುಟ್ಟುಹಾಕುತ್ತದೆ. ಫೈಬರ್ ಎಳೆದು ಎರಡು ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ಫೈಬರನ್ನು ಮಾಮೂಲಿ ನೆಟ್‌ವರ್ಕ್ ಕೇಬಲಿಗೆ ಜೋಡಿಸುವ ಡಬ್ಬಿ, ಹಾಕಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಒಳಗೆ ಉಕ್ಕಿನ ತಂತಿ ಇಲ್ಲದ ಜಾತಿಯ ಕೇಬಲ್ಲೇ ಕೇಳಿ ತಗೊಳ್ಳಿ.

ಈಗ ಡಿಸ್ಕ್. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಲೆಕ್ಕವಿಲ್ಲದಷ್ಟು ಪುಕ್ಕಟೆ ಜಾಗ ಕೊಡುವುದನ್ನು ನಿಲ್ಲಿಸಿತು. 15 ಜಿಬಿ ತುಂಬಲು ಒಂದು ಮದುವೆ ಸಾಕು. ಹಾಗಾಗಿ ನಾನೂ ರೂಟರಿಗೇ ಡಿಸ್ಕ್ ಸಿಕ್ಕಿಸಿದ್ದೆ. ಮೊದಲು ಟಿಕ್ ಟಿಕ್ ಸದ್ದು ಬಂತು, ಡಿಸ್ಕ್ ಏಳಲೇ ಇಲ್ಲ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪಿಯರ್, ಕೆಲವು ಡಿಸ್ಕಿಗೆ ಅದು ಸಾಲಲ್ಲ. ತನ್ನದೇ ಅಡಾಪ್ಟರ್ ಇರುವ ಹಬ್ ಹಾಕಿದ ಮೇಲೆ ಎದ್ದಿತು. ಡಿಸ್ಕ್ ಫಾರ್ಮ್ಯಾಟ್ ಆಗಿರುವುದು ಫ್ಯಾಟ್32 ಅನ್ನುವ ಹಳೇ ಬಗೆಯಲ್ಲಾದರೆ 4 ಜಿಬಿಗಿಂತ ದೊಡ್ಡ ವಿಡಿಯೋ ಹೋಗಲ್ಲ. ಸ್ಪೀಡ್ ಬಗ್ಗೆಯೂ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ರೂಟರಿನ ಪ್ರೊಸೆಸರ್ ಬಡಪಾಯಿ, ನನ್ನದರಲ್ಲಿ ಸೆಕೆಂಡಿಗೆ 8 ಎಂಬಿ ಬರುತ್ತಿತ್ತು, ಅಂದರೆ 100 ಜಿಬಿಗೆ ಮೂರೂವರೆ ಗಂಟೆ. ಮೊದಲ ದೊಡ್ಡ ಕಾಪಿಯನ್ನು ಡಿಸ್ಕ್ ಲ್ಯಾಪ್‌ಟಾಪಿಗೇ ಹಾಕಿ ಮುಗಿಸಿ.

ವಿಂಡೋಸಿನಲ್ಲಿ ಡಿಸ್ಕ್ ಕಾಣದಿದ್ದರೆ ಯಾರೋ ಒಬ್ಬರು ಎಸ್‌ಎಂಬಿ 1, ಅಂದರೆ ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಹಳೇ ವಿಧಾನ, ಆನ್ ಮಾಡಿ ಅನ್ನುತ್ತಾರೆ. ಮಾಡಬೇಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹಬ್ಬಿದ್ದು ಅದರಲ್ಲಿದ್ದ ತೂತಿನಿಂದಲೇ, ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಅಪ್‌ಡೇಟಿನಿಂದ ಮೈಕ್ರೋಸಾಫ್ಟ್ ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ ಅದನ್ನು ಬಿಟ್ಟುಬಿಡತೊಡಗಿತು. ರೂಟರಿಗೆ ಅದೊಂದೇ ಗೊತ್ತಿದ್ದರೆ ಹಳೇ ಲ್ಯಾಪ್‌ಟಾಪನ್ನು ಮೂಲೆಯಲ್ಲಿಟ್ಟು ಅದಕ್ಕೆ ಡಿಸ್ಕ್ ಹಾಕಿ ಫೋಲ್ಡರ್ ಶೇರ್ ಮಾಡಿ. ಬ್ಯಾಟರಿ ಉಬ್ಬಿರದಿದ್ದರೆ ಅದೇ ಯುಪಿಎಸ್ ಕೂಡ ಆಯಿತು. ನಾನೀಗ ಇರುವುದು ಇದರಲ್ಲೇ. ರೂಟರುಗಳಿಗೆ ಮಿನಿ ಯುಪಿಎಸ್ ಹಾಕಿದ್ದೇನೆ, ಕೊಳ್ಳುವ ಮುಂಚೆ ಅಡಾಪ್ಟರಿನ ಮೇಲೆ 12 ವೋಲ್ಟಾ 9 ವೋಲ್ಟಾ ನೋಡಿಕೊಳ್ಳಿ. ಮನೆಯ ಹೊರಗಿಂದ ಡಿಸ್ಕ್ ನೋಡುವ ಆಪ್ಷನ್ ಇದ್ದರೆ ಆಫ್ ಮಾಡಿಡಿ.

ಆ ರೂಟರಿನ ಡಿಸ್ಕ್ ಏನಾಯಿತು ಅಂದರೆ, ಅಪ್ಪನ ಫೋನ್ ತುಂಬಿತ್ತು ಅಂತ ಫೋಟೋಗಳನ್ನೆಲ್ಲ ಅದಕ್ಕೆ ಕಾಪಿ ಮಾಡಿ ಫೋನಿನಿಂದ ಅಳಿಸಿದೆ. ಬ್ಯಾಕಪ್ ಆಯಿತು ಅಂದುಕೊಂಡೆ. ಅದು ಬ್ಯಾಕಪ್ ಅಲ್ಲ, ಜಾಗ ಬದಲಾಯಿಸಿದ್ದು ಅಷ್ಟೇ. ಮೇ ತಿಂಗಳ ಒಂದು ಸಂಜೆ ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡಿತು, ಮರುದಿನ ಡಿಸ್ಕ್ ತೆರೆಯಲಿಲ್ಲ. ಅಜ್ಜಿಯ ಕೊನೆಯ ಎರಡು ವರ್ಷದ ಫೋಟೋ ಅದರಲ್ಲಿದ್ದವು. ವಾಟ್ಸಾಪಿನಲ್ಲಿ ನೆಂಟರಿಗೆ ಕಳಿಸಿದ್ದಷ್ಟೇ ಉಳಿದದ್ದು, ಅದೂ ಮಸುಕು.

ಈಗ ಎರಡು ಡಿಸ್ಕ್ ಇವೆ. ಒಂದು ಮನೆಯಲ್ಲಿ, ಇನ್ನೊಂದು ಶಿವಮೊಗ್ಗದಲ್ಲಿ ಅಕ್ಕನ ಮನೆಯ ಬೀರುವಿನಲ್ಲಿ. ಚೌತಿಗೆ, ದೀಪಾವಳಿಗೆ, ಯುಗಾದಿಗೆ ಅವಳು ಬಂದಾಗ ಅದಲುಬದಲು ಮಾಡುತ್ತೇವೆ. ಯಾವಾಗಲೂ ಸಿಕ್ಕಿಸಿಯೇ ಇರುವ ಡಿಸ್ಕನ್ನು ವೈರಸ್ಸೂ ಮುಟ್ಟುತ್ತದೆ, ಸಿಡಿಲೂ ಮುಟ್ಟುತ್ತದೆ. ಬೀರುವಿನಲ್ಲಿರುವುದಕ್ಕೆ ಆ ಭಯ ಇಲ್ಲ.

ನಿಮ್ಮ ಎರಡೂ ಹಳೇ ರೂಟರ್ ತಿರುಗಿಸಿ, ಕೆಳಗಿನ ಚೀಟಿಯಲ್ಲಿರುವ ಮಾಡೆಲ್ ನಂಬರ್ ಮಾತ್ರ ಇಲ್ಲಿ ಹಾಕಿ. ಪಾಸ್‌ವರ್ಡ್ ಇರುವ ಸಾಲು ಹಾಕಬೇಡಿ. ಯಾವುದನ್ನು ಉಪ್ಪರಿಗೆಗೆ ಇಡಬೇಕು, ಯಾವುದನ್ನು ಶೆಡ್ಡಿಗೆ ಅಂತ ನೋಡಿ ಹೇಳುತ್ತೇನೆ.