ಸರ್ವಿಸ್ ಡಾಗ್‌ಗೆ ಅರ್ಜಿ ಹಾಕಿರುವ ತಂಗಿಗೆ

ತಂಗಿ,

ದಾವಣಗೆರೆಯಿಂದ ನ್ಯೂಜೆರ್ಸಿಗೆ ಬಂದು ಇನ್ನೂ ಸೂಟ್‌ಕೇಸುಗಳನ್ನೇ ಪೂರ್ತಿ ಬಿಚ್ಚಿಲ್ಲ ಎಂದು ಬರೆದಿದ್ದೀರಿ. ಮನೆ, ಚಳಿ, ದಿನಸಿ, ಶಾಲೆ ಎಲ್ಲದರ ಬಗ್ಗೆ ಕೇಳಿದ್ದೀರಿ. ದಿನಸಿಗೆ ಎಡಿಸನ್ ಕಡೆಯ ಓಕ್ ಟ್ರೀ ರೋಡ್ ಇದೆ, ಜೋಳದ ಹಿಟ್ಟಿನಿಂದ ಕರಿಬೇವಿನವರೆಗೆ ಅಲ್ಲಿ ಸಿಗುತ್ತದೆ. ದಪ್ಪ ಕೋಟುಗಳನ್ನು ಅಕ್ಟೋಬರ್ ಮುಗಿಯುವುದರೊಳಗೆ ಕೊಂಡುಕೊಳ್ಳಿ. ಉಳಿದದ್ದನ್ನೆಲ್ಲ ಇಲ್ಲಿದ್ದುಕೊಂಡೇ ನಿಧಾನವಾಗಿ ಕಲಿಯಬಹುದು. ಆದರೆ ಪತ್ರದ ಕೊನೆಯಲ್ಲಿ ನಾಲ್ಕು ಸಾಲಿನಲ್ಲಿ ಬರೆದು ಮುಗಿಸಿದ ವಿಷಯ ಹಾಗೆ ಬಿಡುವಂಥದ್ದಲ್ಲ.

ನಿಮ್ಮ ಮಗನಿಗೆ ಟೈಪ್ 1 ಮಧುಮೇಹ. ರಕ್ತದ ಸಕ್ಕರೆ ಇಳಿಯುವುದನ್ನು ವಾಸನೆಯಿಂದಲೇ ಹಿಡಿದು ಎಚ್ಚರಿಸುವ ನಾಯಿಗಾಗಿ ಬೇರೆ ರಾಜ್ಯದ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಿದ್ದೀರಿ. ಅವರು ಇಪ್ಪತ್ತು ಸಾವಿರ ಡಾಲರ್ ಕೇಳಿದ್ದಾರೆ, ಅದನ್ನು ಮಗನ ಹೆಸರಿನಲ್ಲಿ ದೇಣಿಗೆಯಾಗಿ ಎತ್ತಬಹುದು ಎಂದಿದ್ದಾರೆ, ಒಂದು ಕರಾರು ಪತ್ರ ಕಳುಹಿಸಿದ್ದಾರೆ. ಧರ್ಮದ ಕೆಲಸ ಮಾಡುವವರನ್ನು ಇಷ್ಟೆಲ್ಲ ಪ್ರಶ್ನೆ ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ನಿಮ್ಮ ಯಜಮಾನರು ಹಿಂಜರಿಯುತ್ತಿದ್ದಾರೆ. ಈ ಹಿಂಜರಿಕೆಯೇ ನನಗೆ ಭಯ ಹುಟ್ಟಿಸಿದ್ದು. ದಾನದ ಹಸುವಿನ ಹಲ್ಲು ಎಣಿಸಬಾರದು ಎಂದು ಕೇಳಿಕೊಂಡೇ ಬೆಳೆದವರು ನಾವು. ಈ ಹಸುವಿನ ಹಲ್ಲು ಎಣಿಸಲೇಬೇಕು, ಯಾಕೆಂದರೆ ಇದು ದಾನವಲ್ಲ. ಹಣ ನಿಮ್ಮದು, ಸಹಿ ನಿಮ್ಮದು, ನಾಯಿ ಎಚ್ಚರಿಸದೆ ಮಲಗಿದರೆ ಅಪಾಯ ನಿಮ್ಮ ಮಗುವಿನದು.

ಇಲ್ಲಿಯ ಕಾನೂನು ಹೇಗಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. 1990ರ ಅಂಗವಿಕಲರ ಕಾಯ್ದೆಯ ಪ್ರಕಾರ, ಅಂಗವೈಕಲ್ಯಕ್ಕೆ ನೇರವಾಗಿ ಸಂಬಂಧಿಸಿದ ಕೆಲಸವೊಂದಕ್ಕೆ ತರಬೇತಿ ಪಡೆದ ನಾಯಿಯೇ ಸರ್ವಿಸ್ ಡಾಗ್. ಅಂಗಡಿಯವರಾಗಲಿ ಹೋಟೆಲಿನವರಾಗಲಿ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ, ಯಾವ ಕೆಲಸಕ್ಕೆ ಇದಕ್ಕೆ ತರಬೇತಿ ಕೊಡಲಾಗಿದೆ. ಕಾಗದ ಪತ್ರ ತೋರಿಸಿ ಎನ್ನುವಂತಿಲ್ಲ. ಕೇಂದ್ರ ಸರ್ಕಾರದ ನೋಂದಣಿ ಎಂಬುದೇ ಇಲ್ಲ. ಇಂಟರ್‌ನೆಟ್ಟಿನಲ್ಲಿ ಹಣ ಪಡೆದು ಕಳುಹಿಸುವ ಗುರುತಿನ ಚೀಟಿ, ಪ್ರಮಾಣಪತ್ರಗಳಿಗೆ ಕಾನೂನಿನ ಬೆಲೆ ಇಲ್ಲ. ಇದು ಅಂಗವಿಕಲರಿಗೆ ದೊಡ್ಡ ಅನುಕೂಲ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದೇ ಕಾನೂನಿನ ಇನ್ನೊಂದು ಮಗ್ಗುಲನ್ನು ಹೊಸಬರು ಗಮನಿಸುವುದಿಲ್ಲ. ನಾಯಿಗೆ ಹೇಗೆ ಪರವಾನಗಿ ಇಲ್ಲವೋ ಹಾಗೆಯೇ ನಾಯಿ ಕೊಡುವ ಸಂಸ್ಥೆಗೂ ಕೇಂದ್ರದ ಪರವಾನಗಿ ಇಲ್ಲ. ಕ್ಷೌರದಂಗಡಿ ಇಡಲು ಲೈಸೆನ್ಸ್ ಬೇಕಾದ ಈ ದೇಶದಲ್ಲಿ, ಮಗುವಿನ ಪ್ರಾಣ ಕಾಯುವ ನಾಯಿಯನ್ನು ತಯಾರು ಮಾಡುತ್ತೇನೆಂದು ಯಾರು ಬೇಕಾದರೂ ಫಲಕ ಹಾಕಬಹುದು.

ಒಳ್ಳೆಯ ಸಂಸ್ಥೆಗಳಿಲ್ಲ ಎಂದು ತಿಳಿಯಬೇಡಿ. ನಮ್ಮ ರಾಜ್ಯದ ಮಾರಿಸ್‌ಟೌನ್‌ಗೆ ಹೋದರೆ ಅಂಧರಿಗೆ ನಾಯಿ ಕೊಡುವ ಸೀಯಿಂಗ್ ಐ ಸಂಸ್ಥೆಯ ನಾಯಿಗಳು ತರಬೇತುದಾರರೊಂದಿಗೆ ಬೀದಿ ದಾಟುವುದನ್ನು ಕಣ್ಣಾರೆ ನೋಡಬಹುದು. 1929ರಲ್ಲಿ ಶುರುವಾದ ಸಂಸ್ಥೆ ಅದು. ಮೊದಲ ಬಾರಿ ನಾಯಿ ಪಡೆಯುವವರಿಂದ 150 ಡಾಲರ್ ಮಾತ್ರ ತೆಗೆದುಕೊಳ್ಳುತ್ತಾರೆ, ತರಬೇತಿ ಮುಗಿದ ಮೇಲೆ ನಾಯಿಯ ಒಡೆತನವನ್ನೇ ಬಿಟ್ಟುಕೊಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1975ರಲ್ಲಿ ಹುಟ್ಟಿದ ಕೇನೈನ್ ಕಂಪ್ಯಾನಿಯನ್ಸ್ ನಾಯಿಗೆ ಹಣವನ್ನೇ ಕೇಳುವುದಿಲ್ಲ. ಇಂಥ ಕಡೆ ವರ್ಷಗಟ್ಟಲೆ ಕಾಯಬೇಕಾಗಬಹುದು, ಅರ್ಜಿದಾರರನ್ನು ಕಟ್ಟುನಿಟ್ಟಾಗಿ ಆರಿಸುತ್ತಾರೆ, ಮಧುಮೇಹಕ್ಕೆ ನಾಯಿ ಕೊಡುವವರು ಕಡಿಮೆ. ಕಾಯಲಾಗದ ಪೋಷಕರು ಸಣ್ಣ ಸಂಸ್ಥೆಗಳ ಬಾಗಿಲು ತಟ್ಟುತ್ತಾರೆ. ಜಗಳಗಳು ಹೆಚ್ಚಾಗಿ ಹುಟ್ಟುವುದು ಅಲ್ಲಿ.

ವರ್ಜೀನಿಯಾದ ಪ್ರಕರಣವನ್ನು ನೀವಿಬ್ಬರೂ ತಿಳಿದಿರಬೇಕು. ಮಧುಮೇಹಿಗಳಿಗೆ ನಾಯಿ ಕೊಡುತ್ತಿದ್ದ ಸಂಸ್ಥೆಯೊಂದರ ಮೇಲೆ ಆ ರಾಜ್ಯದ ಅಟಾರ್ನಿ ಜನರಲ್, ಅಂದರೆ ರಾಜ್ಯ ಸರ್ಕಾರದ ಮುಖ್ಯ ವಕೀಲರು, 2018ರಲ್ಲಿ ಮೊಕದ್ದಮೆ ಹೂಡಿದರು. 18,000ದಿಂದ 27,000 ಡಾಲರ್‌ವರೆಗೆ ಹಣ ಪಡೆದು, ಸರಿಯಾದ ತರಬೇತಿಯಿಲ್ಲದ ಮರಿಗಳನ್ನು ಕುಟುಂಬಗಳ ಕೈಗಿಟ್ಟರು ಎಂಬುದು ಆರೋಪ. ಪೋಷಕರು ದೂರುವುದೂ ಸಂಸ್ಥೆಗಳು ಉತ್ತರಿಸುವುದೂ ಇಂಥ ಎಲ್ಲ ಜಗಳಗಳಲ್ಲಿ ಒಂದೇ ಧಾಟಿಯಲ್ಲಿರುತ್ತವೆ. ನಾಯಿ ಎಚ್ಚರಿಸುತ್ತಿಲ್ಲ ಎಂದು ಇವರು, ನೀವು ಅಭ್ಯಾಸ ಮಾಡಿಸುತ್ತಿಲ್ಲ ಎಂದು ಅವರು. ನಾಯಿಗೆ ಬಾಯಿಲ್ಲ. ದಾಖಲೆ ಇಟ್ಟುಕೊಂಡವರ ಮಾತು ನಿಲ್ಲುತ್ತದೆ.

ನಮ್ಮ ಮನೆಯಲ್ಲಿಯೂ ಇದು ನಡೆದಿದೆ. ನನ್ನ ಮಗಳಿಗೂ ಟೈಪ್ 1 ಎಂಬುದು ಗೊತ್ತಿದ್ದೇ ನೀವು ನನಗೆ ಬರೆದಿರಿ. ನಾವು ಪಡೆದದ್ದು ಒಂದು ಕಪ್ಪು ಲ್ಯಾಬ್ರಡಾರ್, ಬಂಗಾರದಂಥ ಸ್ವಭಾವ. ಆದರೆ ರಾತ್ರಿ ಮೂರು ಗಂಟೆಗೆ ಮಗಳ ತೋಳಿನಲ್ಲಿರುವ, ಸಕ್ಕರೆ ಅಳೆಯುವ ಸೆನ್ಸರ್ ಫೋನಿನಲ್ಲಿ ಕೂಗಿಕೊಳ್ಳುವಾಗ, ಬೆರಳು ಚುಚ್ಚಿ ನೋಡಿದರೆ ಸಕ್ಕರೆ 58ಕ್ಕೆ ಇಳಿದಿರುವಾಗ, ಅದು ಮಂಚದ ಬುಡದಲ್ಲಿ ಸುಖವಾಗಿ ನಿದ್ದೆ ಮಾಡುತ್ತಿತ್ತು. ನಾನು ಜ್ಯೂಸಿನ ಡಬ್ಬಿಗೆ ಸ್ಟ್ರಾ ಚುಚ್ಚಿ ಮಗಳ ತುಟಿಗಿಡುವ ಹೊತ್ತಿಗೆ ಎದ್ದು ಬಾಲ ಆಡಿಸುತ್ತಿತ್ತು. ಮಂಚದ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ತಾರೀಖು, ಗಂಟೆ, ಸೆನ್ಸರ್ ತೋರಿಸಿದ ಅಂಕಿ, ಚುಚ್ಚಿ ನೋಡಿದ ಅಂಕಿ, ನಾಯಿ ಏನು ಮಾಡಿತು, ಆ ಹೊತ್ತಿಗೆ ಎಲ್ಲಿತ್ತು. ಎಚ್ಚರಿಸಿದ ದಿನಗಳನ್ನೂ ಅಷ್ಟೇ ನಿಷ್ಠೆಯಿಂದ ಬರೆದೆ. ಸಂಸ್ಥೆಯ ತರಬೇತುದಾರರು ಬಂದರು, ಊರಿನಿಂದ ಬಂದಿದ್ದ ನಮ್ಮ ಅತ್ತೆ ನಾಯಿಗೆ ಕೈಯಿಂದ ಇಡ್ಲಿ ಹಾಕುವುದನ್ನು ನೋಡಿದರು. ಕೆಲಸ ಮಾಡದೆಯೂ ತಿನಿಸು ಸಿಕ್ಕರೆ ನಾಯಿ ಯಾಕೆ ಕೆಲಸ ಮಾಡುತ್ತದೆ, ತಪ್ಪು ನಿಮ್ಮದೇ ಎಂದು ಬರೆದು ಕಳುಹಿಸಿದರು. ಮಾತು ಪೂರ್ತಿ ಸುಳ್ಳೇನಲ್ಲ, ಹಾಗೆ ತಿನ್ನಿಸಿದರೆ ತರಬೇತಿ ಕೆಡುತ್ತದೆ. ಆದರೆ ಅತ್ತೆ ವಿಮಾನ ಇಳಿಯುವುದಕ್ಕೆ ವಾರಗಟ್ಟಲೆ ಮೊದಲೂ ನಾಯಿ ಎಚ್ಚರಿಸಿರಲಿಲ್ಲ ಎಂದು ನೋಟ್‌ಬುಕ್ ಹೇಳುತ್ತಿತ್ತು. ಅದರ ಪುಟಗಳ ಪ್ರತಿ ಮಾಡಿಸಿ, ಮೊದಲ ವರ್ಷದೊಳಗೆ ನಾಯಿ ಕೆಲಸಕ್ಕೆ ಬಾರದಿದ್ದರೆ ಬದಲಿ ಕೊಡುತ್ತೇವೆಂಬ ಕರಾರಿನ ಕಲಮಿನ ಅಡಿಗೆ ಗೆರೆ ಎಳೆದು, ಸರ್ಟಿಫೈಡ್ ಮೇಲ್‌ನಲ್ಲಿ ಕಳುಹಿಸಿದೆವು. ನಮ್ಮೂರಲ್ಲಿ ಮೊದಲಿದ್ದ ರಿಜಿಸ್ಟರ್ಡ್ ಅಂಚೆಯ ಹಾಗೆ ಅದಕ್ಕೂ ಸ್ವೀಕೃತಿ ಪಡೆಯಬಹುದು. ಆಮೇಲೆ ಅವರ ಧ್ವನಿ ಬದಲಾಯಿತು, ಬೇರೆ ನಾಯಿ ಬಂತು. ಮೊದಲ ನಾಯಿ ಹೋದ ದಿನ ಮಗಳು ಊಟ ಬಿಟ್ಟಳು. ಎಷ್ಟೋ ಕುಟುಂಬಗಳು ದೂರು ಕೊಡದೆ ಸುಮ್ಮನಾಗುವುದು ಇದಕ್ಕೇ: ಮಗು ನಾಯಿಯನ್ನು ಹಚ್ಚಿಕೊಂಡಿರುತ್ತದೆ. ಇದು ಸಂಸ್ಥೆಗಳಿಗೂ ಚೆನ್ನಾಗಿ ಗೊತ್ತು.

ಈಗಲೂ ನಾವು ಸೆನ್ಸರ್ ತೆಗೆದಿಲ್ಲ, ನೀವೂ ತೆಗೆಯಬೇಡಿ. ಈ ನಾಯಿಗಳ ನಿಖರತೆ ಒಂದರಿಂದ ಒಂದಕ್ಕೆ ತುಂಬಾ ವ್ಯತ್ಯಾಸವಾಗುತ್ತದೆ. ನೂರಕ್ಕೆ ನೂರು ಎಚ್ಚರಿಸುತ್ತದೆ ಎನ್ನುವ ಸಂಸ್ಥೆ ಕಂಡರೆ ಅಲ್ಲಿಂದಲೇ ಹಿಂದಿರುಗಿ. ಸಕ್ಕರೆ ಇಳಿದಾಗಿನ ಬೆವರನ್ನೋ ಎಂಜಲನ್ನೋ ಹತ್ತಿಯಲ್ಲಿ ತೆಗೆದು ಫ್ರೀಜರಿನಲ್ಲಿಟ್ಟು ಆ ವಾಸನೆಯ ಮೇಲೆ ತರಬೇತಿ ಕೊಡುತ್ತಾರೆ. ಯಾರ ಮಾದರಿ, ಎಷ್ಟು ತಿಂಗಳ ತರಬೇತಿ, ತಪ್ಪು ಎಚ್ಚರಿಕೆ ಎಷ್ಟು ಎಂದು ಕೇಳಿ. ಕೆಲಸ ಬಲ್ಲವರು ಈ ಪ್ರಶ್ನೆಗೆ ಖುಷಿಯಿಂದ ಉತ್ತರಿಸುತ್ತಾರೆ.

ಇನ್ನು ಹಣ. ಮಗನ ಹೆಸರಿನಲ್ಲಿ ಎತ್ತಿದ ದೇಣಿಗೆ ನೇರ ಸಂಸ್ಥೆಯ ಖಾತೆಗೆ ಹೋದರೆ ಅದು ಸಂಸ್ಥೆಯ ಹಣ. ಅವರು ನಾಳೆ ನಿಮ್ಮ ಅರ್ಜಿಯನ್ನು ತಿರಸ್ಕರಿಸಿದರೆ, ಅಥವಾ ನೀವೇ ಬೇಡವೆಂದರೆ, ಅದನ್ನು ಹಿಂದಿರುಗಿಸುತ್ತಾರೆಯೇ? ಕರಾರಿನಲ್ಲಿ ಏನೂ ಬರೆದಿಲ್ಲದಿದ್ದರೆ ಇಲ್ಲ ಎಂದೇ ತಿಳಿಯಿರಿ. ಕನ್ನಡ ಕೂಟದವರು, ಕಚೇರಿಯವರು, ಊರಿನ ಬಂಧುಗಳು ನಿಮ್ಮ ಮುಖ ನೋಡಿ ಕೊಡುತ್ತಾರೆ, ನಾಯಿ ಬಾರದಿದ್ದರೆ ಅವರ ಮುಂದೆ ನಿಲ್ಲಬೇಕಾದವರು ನೀವು. ಇನ್ನೊಂದು ಪ್ರಶ್ನೆ: ದೇಣಿಗೆ ಸಾಲದಿದ್ದರೆ ಬಾಕಿ ಹಣಕ್ಕೆ ನೀವೇ ಹೊಣೆಯೇ? ಕರಾರಿನಲ್ಲಿ ಈ ಸಾಲನ್ನು ಬೆರಳಿಟ್ಟು ಹುಡುಕಿ. ತೆರಿಗೆ ವಿನಾಯಿತಿ ಪಡೆದ ಸಂಸ್ಥೆಯಾದರೆ ಆದಾಯ ತೆರಿಗೆ ಇಲಾಖೆಗೆ ವರ್ಷ ವರ್ಷ ಸಲ್ಲಿಸುವ 990 ಎಂಬ ನಮೂನೆ ಸಾರ್ವಜನಿಕ ದಾಖಲೆ. ಯಾರು ಎಷ್ಟು ಸಂಬಳ ತೆಗೆದುಕೊಳ್ಳುತ್ತಾರೆ ಎಂಬುದರ ತನಕ ಅದರಲ್ಲಿ ಕಾಣುತ್ತದೆ. ಅಸಿಸ್ಟೆನ್ಸ್ ಡಾಗ್ಸ್ ಇಂಟರ್‌ನ್ಯಾಷನಲ್ ಎಂಬ ಒಕ್ಕೂಟದ ಮಾನ್ಯತೆ ಇದೆಯೇ ಎಂದೂ ನೋಡಿ. ಮಾನ್ಯತೆ ಇಲ್ಲದ ಮಾತ್ರಕ್ಕೆ ಕೆಟ್ಟವರೆಂದಲ್ಲ, ಆದರೆ ಹೊರಗಿನವರು ಬಂದು ಪರೀಕ್ಷಿಸಿಲ್ಲ ಎಂದರ್ಥ.

ಒಡೆತನದ ಕಲಮು ನಮ್ಮಂಥ ವೀಸಾದವರಿಗೆ ಎಲ್ಲಕ್ಕಿಂತ ಮುಖ್ಯ, ಯಾರೂ ಅದನ್ನು ಹೇಳಿಕೊಡುವುದಿಲ್ಲ. ಹಲವು ಸಂಸ್ಥೆಗಳು ನಾಯಿಯನ್ನು ಬಳಸಲು ಮಾತ್ರ ಕೊಡುತ್ತವೆ, ಒಡೆತನ ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ತೂಕ ಹೆಚ್ಚಾಯಿತು, ವರ್ಷದ ಪರೀಕ್ಷೆಗೆ ಬರಲಿಲ್ಲ, ಅನುಮತಿಯಿಲ್ಲದೆ ದೇಶ ಬಿಟ್ಟು ಕರೆದೊಯ್ದಿರಿ ಎಂಬ ಕಾರಣಕ್ಕೆ ವಾಪಸ್ ಪಡೆಯುವ ಹಕ್ಕು ಅವರಿಗಿರುತ್ತದೆ. ಎಚ್-1ಬಿ ಎಂಬ ಉದ್ಯೋಗ ವೀಸಾದ ಮೇಲಿನ ಕೆಲಸ ಹೋದರೆ ಇಲ್ಲಿ ಉಳಿಯಲು ನಿಮ್ಮ ಯಜಮಾನರಿಗೆ ಸಿಗುವುದು ಹೆಚ್ಚೆಂದರೆ 60 ದಿನ. ಆ ಗಡಿಬಿಡಿಯಲ್ಲಿ ದಾವಣಗೆರೆಗೆ ಮರಳಬೇಕಾಗಿ ಬಂದರೆ ನಾಯಿ ನಿಮ್ಮ ಜೊತೆ ಬರುತ್ತದೆಯೇ ಎಂಬುದನ್ನು ಈಗಲೇ ಬರಹದಲ್ಲಿ ಪಡೆಯಿರಿ. ರಜೆಗೆ ಕರೆದೊಯ್ಯುವುದೂ ಸುಲಭವಲ್ಲ. ನಾಯಿಗಳ ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ಅಮೆರಿಕದ ಪಟ್ಟಿಯಲ್ಲಿ ಭಾರತವಿದೆ, ಅಲ್ಲಿಂದ ನಾಯಿಯನ್ನು ವಾಪಸ್ ಕರೆತರುವ ನಿಯಮ 2024ರ ಆಗಸ್ಟ್‌ನಿಂದ ಇನ್ನಷ್ಟು ಬಿಗಿಯಾಗಿದೆ. ಮೈಕ್ರೋಚಿಪ್, ಲಸಿಕೆಯ ದಾಖಲೆ ಹೊರಡುವ ಮುನ್ನವೇ ಪಕ್ಕಾ ಆಗಿರಬೇಕು. ಭಾರತದ ಕಡೆಯಿಂದ ಪ್ರಾಣಿ ಕ್ವಾರಂಟೈನ್ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು.

ಬಾಡಿಗೆ ಮನೆಯಲ್ಲಿ ನಾಯಿ ಬೇಡವೆನ್ನುತ್ತಾರೇನೋ ಎಂದು ಚಿಂತಿಸಬೇಡಿ. ಇಂಥ ನಾಯಿಗೆ ಸಾಕುಪ್ರಾಣಿಯ ಠೇವಣಿ ಕೇಳುವಂತಿಲ್ಲ ಎಂದು ವಸತಿ ಕಾನೂನು ಹೇಳುತ್ತದೆ.

ಸಂಸ್ಥೆಗಳ ಕಡೆಯ ನ್ಯಾಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಒಂದು ಮರಿಯನ್ನು ಸ್ವಯಂಸೇವಕರ ಮನೆಯಲ್ಲಿ ವರ್ಷಕ್ಕೂ ಹೆಚ್ಚು ಕಾಲ ಸಾಕಿ, ಆಮೇಲೆ ತಿಂಗಳುಗಟ್ಟಲೆ ತರಬೇತಿ ಕೊಟ್ಟರೂ ಎಷ್ಟೋ ನಾಯಿಗಳು ಕೆಲಸಕ್ಕೆ ಒಗ್ಗುವುದಿಲ್ಲ. ಆ ಖರ್ಚು ನಿಜ. ಮನೆ ನೋಡಲು ಬಂದಾಗ ದಿನಕ್ಕೆ ಎಷ್ಟು ಹೊತ್ತು ನಾಯಿಗೆ ಕೊಡುತ್ತೀರಿ, ಮನೆಯಲ್ಲಿ ನಾಯಿಗೆ ಹೆದರುವವರಿದ್ದಾರೆಯೇ, ದೇವರ ಮನೆ, ಅಡುಗೆ ಮನೆಗೆ ಬಿಡುತ್ತೀರಾ ಎಂದು ಕೇಳಬಹುದು. ಅವಮಾನವೆಂದುಕೊಳ್ಳದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮಗ ಇನ್ನೂ ಚಿಕ್ಕವನು, ಎರಡು ವರ್ಷ ಕಾಯಿರಿ ಎಂದು ತಿರಸ್ಕರಿಸಿದರೆ ಅದು ಸರಿಯಾದ ತೀರ್ಮಾನವೇ ಇರಬಹುದು. ಎಲ್ಲರನ್ನೂ ಒಪ್ಪಿಕೊಳ್ಳುವ ಸಂಸ್ಥೆಗಿಂತ ಕಾರಣ ಕೊಟ್ಟು ಬೇಡವೆನ್ನುವ ಸಂಸ್ಥೆಯ ಮೇಲೆ ನನಗೆ ನಂಬಿಕೆ. ಕಾರಣವನ್ನು ಮಾತ್ರ ಬರಹದಲ್ಲಿ ಕೇಳಿ, ಮತ್ತೆ ಅರ್ಜಿ ಹಾಕಲು ಏನು ಬದಲಾಗಬೇಕು ಎಂದೂ ಕೇಳಿ.

ಜಗಳ ಬಂದೇ ಬಿಟ್ಟರೆ, ಮೊದಲು ಸಂಸ್ಥೆಯ ಆಡಳಿತ ಮಂಡಳಿಗೆ ಬರೆಯಿರಿ, ತರಬೇತುದಾರರ ಜೊತೆ ಫೋನಿನಲ್ಲಿ ಕಾದಾಡಬೇಡಿ. ಬಗ್ಗದಿದ್ದರೆ ಆ ಸಂಸ್ಥೆ ಇರುವ ರಾಜ್ಯದ ಅಟಾರ್ನಿ ಜನರಲ್‌ಗೆ ದೂರು, ಇಲ್ಲಿ ನ್ಯೂಜೆರ್ಸಿಯ ಗ್ರಾಹಕ ವ್ಯವಹಾರಗಳ ವಿಭಾಗಕ್ಕೂ ದೂರು. ಎರಡಕ್ಕೂ ವಕೀಲರು ಬೇಕಿಲ್ಲ. 5,000 ಡಾಲರ್‌ವರೆಗಿನ ತಗಾದೆಗೆ ಇಲ್ಲಿ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ, 20,000ದವರೆಗೆ ಸ್ಪೆಷಲ್ ಸಿವಿಲ್ ಪಾರ್ಟ್ ಎಂಬ ಕೋರ್ಟಿನ ವಿಭಾಗ. ಆದರೆ ವ್ಯಾಜ್ಯವೇನಿದ್ದರೂ ಸಂಸ್ಥೆಯ ರಾಜ್ಯದಲ್ಲಿ, ಸಂಸ್ಥೆ ಹೇಳಿದ ಮಧ್ಯಸ್ಥರ ಮುಂದೆ ಎಂಬ ಕಲಮು ಕರಾರಿನಲ್ಲಿದ್ದರೆ ಈ ದಾರಿ ಮುಚ್ಚಿಹೋಗಬಹುದು. ಅದನ್ನು ತೆಗೆಯಿರಿ ಎಂದು ಸಹಿಗೆ ಮೊದಲು ಕೇಳಿ. ನಮ್ಮ ಬಗ್ಗೆ ಎಲ್ಲೂ ಕೆಟ್ಟದಾಗಿ ಬರೆಯಬಾರದು ಎಂಬ ಕಲಮು ಇದ್ದರೆ ಹೆದರಬೇಡಿ. ಅಚ್ಚು ಹಾಕಿದ ಕರಾರಿನಲ್ಲಿ ಗ್ರಾಹಕರ ಪ್ರಾಮಾಣಿಕ ಅಭಿಪ್ರಾಯಕ್ಕೆ ಬಾಯಿ ಕಟ್ಟುವ ಷರತ್ತನ್ನು 2016ರ ಕಾನೂನೊಂದು ಅಸಿಂಧು ಮಾಡಿದೆ.

ದೂರು ಕೊಟ್ಟರೆ ವೀಸಾಕ್ಕೆ ತೊಂದರೆಯೇ ಎಂದು ಕೇಳಿದ್ದೀರಿ. ಇಲ್ಲ. ಗ್ರಾಹಕರಾಗಿ ದೂರು ಕೊಡುವುದಕ್ಕೂ ವಲಸೆ ಇಲಾಖೆಗೂ ಸಂಬಂಧವಿಲ್ಲ. ಈ ಒಂದು ಹೆದರಿಕೆಯಿಂದ ನಮ್ಮವರು ಎಷ್ಟು ಹಣ, ಎಷ್ಟು ನೆಮ್ಮದಿ ಕಳೆದುಕೊಂಡಿದ್ದಾರೆ ಎಂಬುದನ್ನು ನೋಡಿ ನನಗೆ ಸಂಕಟವಾಗಿದೆ.

ಕರಾರು ಪತ್ರದ ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿ ಕಳುಹಿಸಿ, ಸಣ್ಣ ಅಕ್ಷರದ ಅನುಬಂಧವನ್ನು ಬಿಡಬೇಡಿ. ಶನಿವಾರ ಬೆಳಗ್ಗೆ ಯಜಮಾನರನ್ನೂ ಕೂರಿಸಿಕೊಂಡು ಫೋನ್ ಮಾಡಿ, ಸಂಸ್ಥೆಗೆ ಕೇಳಬೇಕಾದ ಪ್ರಶ್ನೆಗಳನ್ನು ಒಟ್ಟಿಗೆ ಬರೆಯೋಣ. ಅವರ ಉತ್ತರ ಬರಹದಲ್ಲಿ ಬರುವವರೆಗೆ ಮುಂಗಡದ ಚೆಕ್ ಕೊಡಬೇಡಿ, ಕನ್ನಡ ಕೂಟದಲ್ಲಿ ದೇಣಿಗೆಯ ಮಾತನ್ನೂ ಎತ್ತಬೇಡಿ.

ನಿಮ್ಮ ಅಕ್ಕ